ಹಬ್ಬದ ರಾತ್ರಿ ತಪ್ಪಿಸಿಕೊಂಡ ಕೆಂಚ: ಆರು ದಿನದ ಹುಡುಕಾಟದ ಪ್ರಕರಣ ಅಧ್ಯಯನ

ನಾಯಿ ಕಳೆದುಹೋದರೆ ಏನು ಮಾಡಬೇಕು ಅಂತ ಯಾರನ್ನಾದರೂ ಕೇಳಿ. ವಾಟ್ಸಾಪ್‌ಗೆ ಹಾಕಿ, ಪೋಸ್ಟರ್ ಅಂಟಿಸಿ, ಸುತ್ತಮುತ್ತ ಹುಡುಕಿ ಅಂತಾರೆ. ಈ ಮನೆಯವರು ಮೂರನ್ನೂ ಮಾಡಿದರು, ಅದೂ ಮೊದಲ ರಾತ್ರಿ ಮತ್ತು ಮರುದಿನ ಬೆಳಗ್ಗೆಯೇ. ಆದರೂ ನಾಯಿ ಸಿಗಲಿಲ್ಲ. ಸಿಗದಿದ್ದರೆ ಹೋಗಲಿ, ಇವರು ಹುಡುಕಿದ ರೀತಿಗೇ ಅದು ಇನ್ನೂ ದೂರ ಓಡಿಹೋಯಿತು. ನಮ್ಮ ಕಡೆ ನಾಯಿ, ಬೆಕ್ಕು ಕಳೆದರೆ ಹುಡುಕಲು ಹೋಗುವ ನಾಲ್ಕೈದು ಜನರಲ್ಲಿ ನಾನೊಬ್ಬ, ಆ ಮನೆಯವರನ್ನು ಕೇಳಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಊರು ಮೈಸೂರು ಅನ್ನುವುದನ್ನು ಬಿಟ್ಟರೆ ಬಡಾವಣೆಯ ಹೆಸರು ಹೇಳುವುದಿಲ್ಲ, ಜನರ ಹೆಸರೂ ಇಲ್ಲ. ನಾಯಿಯ ಹೆಸರನ್ನು ಕೂಡ ಬದಲಾಯಿಸಿ ಕೆಂಚ ಅಂತ ಇಟ್ಟಿದ್ದೇನೆ, ಬಣ್ಣಕ್ಕೆ ಸರಿಹೋಗುತ್ತದೆ.

ಮನೆ, ನಾಯಿ

ರಿಂಗ್ ರಸ್ತೆಗೆ ಹತ್ತಿರದ ಬಡಾವಣೆ. ನಿವೃತ್ತ ಮೇಷ್ಟ್ರು, ಅವರ ಹೆಂಡತಿ, ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ. ಮಗ ಹಬ್ಬಕ್ಕೆ ಬಂದಿದ್ದ. ಮನೆಗೆಲಸಕ್ಕೆ ಬರುವವರು ನಂಜನಗೂಡು ಕಡೆಯವರು. ಅವರನ್ನು ಬೀದಿಯವರೆಲ್ಲ ಅಕ್ಕ ಅನ್ನುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ಹಬ್ಬಕ್ಕೆ ಅವರು ರಜ ಹಾಕಿ ಊರಿಗೆ ಹೋಗಿದ್ದರು.

ಕೆಂಚ ನಾಲ್ಕು ವರ್ಷದ ಗಂಡು ಮುಧೋಳ ನಾಯಿ, ತೂಕ 24 ಕೆಜಿ. ಅಂಚೆ ಇಲಾಖೆ 2005ರಲ್ಲಿ ಮುಧೋಳದ ಚಿತ್ರದ ಅಂಚೆಚೀಟಿ ತಂದಿದೆ, ಸೇನೆಯವರೂ ಈ ತಳಿಯನ್ನು ತರಬೇತಿಗೆ ತೆಗೆದುಕೊಂಡಿದ್ದಾರೆ. ಬಾಗಲಕೋಟೆ ಕಡೆಯವರಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಮೈಸೂರಿನ ಬೀದಿಯಲ್ಲಿ ಹಾಗಲ್ಲ. ಇಲ್ಲಿ ಅದನ್ನು ನೋಡಿದವರಿಗೆ ಕಾಣುವುದು ಪಕ್ಕೆಲುಬು ಎದ್ದ, ಹೊಟ್ಟೆ ಬೆನ್ನಿಗೆ ಹತ್ತಿದ, ಪಾಪ ಯಾರೂ ಅನ್ನ ಹಾಕದ ಒಂದು ನಾಯಿ. ಇದು ಮುಂದೆ ಮುಖ್ಯವಾಗುತ್ತದೆ.

ಇನ್ನೆರಡು ವಿಷಯ ಇವೆ. ಮುಧೋಳ ಕಣ್ಣಿಂದ ಬೇಟೆಯಾಡುವ ತಳಿ, ಒಂದು ಸಲ ಓಟ ಕಿತ್ತರೆ ಸ್ಕೂಟರಿಗೂ ಸಿಗುವುದಿಲ್ಲ, ಹೊರಗಿನವರು ಮೈ ಮುಟ್ಟುವುದೂ ಅದಕ್ಕೆ ಆಗಿಬರುವುದಿಲ್ಲ. ಎರಡನೆಯದು ಅದರ ತಲೆ. ಉದ್ದ, ಸಪೂರ. ಕುತ್ತಿಗೆಗೂ ತಲೆಗೂ ಅಳತೆಯಲ್ಲಿ ಅಂಥ ವ್ಯತ್ಯಾಸವೇ ಇಲ್ಲ, ಹಾಗಾಗಿ ಮಾಮೂಲಿ ಬೆಲ್ಟು ಹಿಂದಕ್ಕೆ ಎಳೆದರೆ ಸಲೀಸಾಗಿ ಕಳಚಿಕೊಳ್ಳುತ್ತದೆ. ಕೆಂಚನದು ಮಾಮೂಲಿ ಬೆಲ್ಟೇ. ಅದರಲ್ಲಿ ಫೋನ್ ನಂಬರಿನ ಬಿಲ್ಲೆಯೂ ಇತ್ತು.

ಸದ್ದಿನ ಭಯ ಅದಕ್ಕೆ ಹೊಸದಲ್ಲ. ದಸರೆಗೆ ಮುಂಚೆ ಆನೆಗಳಿಗೆ ಕುಶಾಲತೋಪಿನ ತಾಲೀಮು ನಡೆಯುವಾಗ ದೂರದ ಆ ಸದ್ದಿಗೇ ಅದು ಮಂಚದ ಕೆಳಗೆ ಸೇರುತ್ತಿತ್ತಂತೆ. ಆನೆಗಾದರೆ ನಾವು ವಾರಗಟ್ಟಲೆ ತಾಲೀಮು ಕೊಟ್ಟು ಸದ್ದು ಅಭ್ಯಾಸ ಮಾಡಿಸುತ್ತೇವೆ, ನಾಯಿಗೆ ಮಾತ್ರ ಒಂದೇ ಸಲ ಹಬ್ಬದ ದಿನ ಸರಪಟಾಕಿ ಕೇಳಿಸುತ್ತೇವೆ.

ಆ ಸಂಜೆ

2024ರ ಅಕ್ಟೋಬರ್ 31, ಗುರುವಾರ, ನರಕ ಚತುರ್ದಶಿ. ಪಟಾಕಿ ರಾತ್ರಿ 8ರಿಂದ 10ರವರೆಗೆ ಮಾತ್ರ ಅನ್ನುವ ನಿಯಮ ಇದೆ, ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದ್ದು. ಮೇಷ್ಟ್ರು ನಿಯಮ ನಂಬುವ ಜನ. ಎಂಟಕ್ಕೆ ಐದು ನಿಮಿಷ ಇರುವಾಗ ಕೆಂಚನನ್ನು ಒಳಗಿನ ರೂಮಿಗೆ ಹಾಕೋಣ ಅಂದುಕೊಂಡಿದ್ದರು. ಏಳೂಕಾಲಿಗೆ ಪಕ್ಕದ ಮನೆಯವರು ಕಜ್ಜಾಯದ ಡಬ್ಬಿ ಹಿಡಿದು ಬಂದರು. ಮಗ ಒಂದು ಕೈಯಲ್ಲಿ ಬೆಲ್ಟು ಹಿಡಿದುಕೊಂಡೇ ಇನ್ನೊಂದು ಕೈಯಿಂದ ಗೇಟು ತೆಗೆದ. ಎದುರು ರಸ್ತೆಯಲ್ಲಿ ಮಕ್ಕಳು ಸರಪಟಾಕಿಗೆ ಕಡ್ಡಿ ಗೀರಿದ್ದು ಆಗಲೇ. ಕೆಂಚ ಹಿಂದಕ್ಕೆ ಜಗ್ಗಿತು. ಬೆಲ್ಟು, ಬಿಲ್ಲೆ ಎರಡೂ ಮಗನ ಕೈಯಲ್ಲೇ ಉಳಿದವು, ನಾಯಿ ಇಲ್ಲ.

ಮಗ, ಅವನ ಗೆಳೆಯರು, ನಾಲ್ಕು ಬೈಕು. ಕೂಗುತ್ತಾ, ಹಾರ್ನ್ ಹೊಡೆಯುತ್ತಾ, ಹೆಡ್‌ಲೈಟ್ ಬಿಟ್ಟುಕೊಂಡು ಹುಡುಕಿದರು. ಅರ್ಧ ಗಂಟೆಯಲ್ಲಿ ಪಾರ್ಕಿನ ಹಿಂದೆ ಕಂಡೇಬಿಟ್ಟಿತು! ಇನ್ನೇನು ಮೂವತ್ತು ಅಡಿ. ಮಗ ಬೈಕ್ ಬಿಸಾಕಿ ಹೆಸರು ಕೂಗುತ್ತಾ ಓಡಿದ. ನಾಯಿ ಅವನ ಮುಖ ನೋಡಿತು, ತಿರುಗಿ ರಿಂಗ್ ರಸ್ತೆ ಕಡೆ ಹಾರಿತು. ಲಾರಿಯೊಂದು ಬ್ರೇಕ್ ಹಾಕಿದ ಸದ್ದು ಕೇಳಿಸಿತಂತೆ. ರಸ್ತೆಯ ಮೇಲೆ ರಕ್ತ ಏನೂ ಇರಲಿಲ್ಲ. ಅಷ್ಟೇ ಸಮಾಧಾನ.

‘ನನ್ನನ್ನೇ ನೋಡಿ ಓಡಿತಲ್ಲ ಸಾರ್, ನನ್ನ ಗುರುತೇ ಸಿಗಲಿಲ್ವಾ ಅದಕ್ಕೆ?’ ಅಂತ ಆ ಹುಡುಗ ಆಮೇಲೆ ನನ್ನನ್ನು ಎಷ್ಟು ಸಲ ಕೇಳಿದನೋ. ಸಿಗಲಿಲ್ಲ, ನಿಜ. ಹೆದರಿಕೆ ತಲೆಗೇರಿದ ನಾಯಿಗೆ ಯಜಮಾನನೂ ಬೆನ್ನಟ್ಟುವ ಇನ್ನೊಂದು ಪ್ರಾಣಿಯೇ. ಎತ್ತರದ ಆಕಾರ ನೇರವಾಗಿ ಮೈಮೇಲೆ ಬರುತ್ತಿದೆ, ಬಾಯಿಂದ ಜೋರು ಸದ್ದು ಬರುತ್ತಿದೆ. ಅದಕ್ಕೆ ಅಷ್ಟೇ ಗೊತ್ತು. ಇದರಲ್ಲಿ ಪ್ರೀತಿಯ ಪ್ರಶ್ನೆ ಬರುವುದೇ ಇಲ್ಲ.

ಶುಕ್ರವಾರ: ಬಂದದ್ದೆಲ್ಲ ಫೋನು

ರಾತ್ರಿಯೇ ವಾಟ್ಸಾಪ್ ಸಂದೇಶ ಹೋಗಿತ್ತು. ‘ನಮ್ಮ ಮನೆಯ ಮುದ್ದಿನ ಮುಧೋಳ ಕಾಣೆಯಾಗಿದ್ದಾನೆ, ಹುಡುಕಿಕೊಟ್ಟವರಿಗೆ 25,000 ಬಹುಮಾನ.’ ಜೊತೆಗೆ ಮುಖದ ಫೋಟೊ, ಸೋಫಾ ಮೇಲೆ ಹಸಿರು ಶಾಲು ಹೊದ್ದು ಕೂತದ್ದು. ಚೆಂದದ ಫೋಟೊ, ಆದರೆ ಅದರಲ್ಲಿ ಕಾಲಿಲ್ಲ, ಬಾಲ ಇಲ್ಲ, ಮೈಯೂ ಕಾಣಿಸುವುದಿಲ್ಲ.

ಬೆಳಗ್ಗೆಯಿಂದ ಫೋನ್ ಮೇಲೆ ಫೋನ್. ಅರ್ಧಕ್ಕರ್ಧ ಕರೆ ‘ಸಿಕ್ತಾ?’ ಅಂತ ವಿಚಾರಿಸುವವರದು. ಹನ್ನೊಂದರ ಹೊತ್ತಿಗೆ ಒಬ್ಬ ಮಾಡಿದ. ನಾಯಿ ಶ್ರೀರಂಗಪಟ್ಟಣದ ಹತ್ತಿರ ಸಿಕ್ಕಿದೆ, ಗಾಡಿಗೆ ಹತ್ತಿಸಿದ್ದೇವೆ, ಡೀಸೆಲ್‌ಗೆ 3,000 ಹಾಕಿ, ಒಂದು ಗಂಟೆಯಲ್ಲಿ ನಿಮ್ಮ ಮನೆ ಮುಂದೆ ಇರುತ್ತೇವೆ. ಫೋಟೊ ಕೇಳಿದರೆ ಫೋಟೊನೂ ಕಳಿಸಿದ. ಅದು ಇವರೇ ಹಾಕಿದ್ದ ಫೋಟೊ, ಸ್ವಲ್ಪ ಕತ್ತರಿಸಿ ಮಸುಕು ಮಾಡಿದ್ದು. ಹಸಿರು ಶಾಲಿನ ಅಂಚು ಮೂಲೆಯಲ್ಲಿ ಕಾಣುತ್ತಿತ್ತು. ರಾತ್ರಿಯೆಲ್ಲ ನಿದ್ದೆ ಇಲ್ಲದ ಮೇಷ್ಟ್ರ ಹೆಂಡತಿಗೆ ಅದು ಕಾಣಲಿಲ್ಲ. ದುಡ್ಡು ಹೋಯಿತು, ಫೋನ್ ಸ್ವಿಚ್ ಆಫ್ ಆಯಿತು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು ಅಂತ ಹೊಳೆದದ್ದು ಸಂಜೆಗೆ. ಇಂಥದಕ್ಕೆ ಕೂಡಲೇ ಮಾಡಿದರೆ ಏನಾದರೂ ಉಪಯೋಗ.

ಬಹುಮಾನ ಕೊಡಬಾರದು ಅಂತ ನಾನು ಹೇಳುವುದಿಲ್ಲ. ಬಹುಮಾನ ಇದೆ ಅಂತ ಹಾಕಿ, ಮೊತ್ತ ಹಾಕಬೇಡಿ. ದೊಡ್ಡ ಮೊತ್ತ ಕಂಡರೆ ಕಳ್ಳರು ಬರುತ್ತಾರೆ, ಅದಕ್ಕಿಂತ ಕಷ್ಟದ್ದು ಅಂದರೆ ಹತ್ತು ಜನ ತಾವೇ ನಾಯಿ ಹಿಡಿಯಲು ಓಡುತ್ತಾರೆ, ಹೆದರಿದ ನಾಯಿ ಇನ್ನೊಂದು ಮೈಲಿ ಆಚೆ ಹೋಗುತ್ತದೆ. ಇನ್ನೊಂದು, ಮೈಮೇಲಿನ ಒಂದು ಗುರುತನ್ನು ಯಾರಿಗೂ ಹೇಳದೆ ಮನೆಯಲ್ಲೇ ಇಟ್ಟುಕೊಳ್ಳಬೇಕು. ಕೆಂಚನ ಬಲ ಹಿಂಗಾಲಿನ ಒಳಗಡೆ ಎರಡು ರೂಪಾಯಿ ನಾಣ್ಯದಷ್ಟು ಕಪ್ಪು ಮಚ್ಚೆ ಇದೆ. ನಾಯಿ ಸಿಕ್ಕಿದೆ ಅನ್ನುವವರಿಗೆ ‘ವಿಡಿಯೊ ಕಾಲ್ ಮಾಡಿ, ಹಿಂಗಾಲು ತೋರಿಸಿ’ ಅಂದರೆ ಮುಗಿಯಿತು. ಶನಿವಾರದಿಂದ ಹಾಗೇ ಮಾಡಿದೆವು. ಇನ್ನಿಬ್ಬರು ಫೋನ್ ಇಟ್ಟು ಓಡಿದರು.

ಶುಕ್ರವಾರ ರಾಜ್ಯೋತ್ಸವ, ಶನಿವಾರ ಬಲಿಪಾಡ್ಯಮಿ, ಆಮೇಲೆ ಭಾನುವಾರ. ಕಚೇರಿಗಳೆಲ್ಲ ಬಂದ್. ಪೊಲೀಸ್ ಠಾಣೆಯಲ್ಲಿ ಬಂದೋಬಸ್ತಿನ ಗಡಿಬಿಡಿ, ಆದರೂ ಅರ್ಜಿ ತೆಗೆದುಕೊಂಡು ಸೀಲು ಹಾಕಿಕೊಟ್ಟರು. ಯಾರಾದರೂ ಎತ್ತಿಕೊಂಡು ಹೋಗಿದ್ದರೆ ಅದು ಕಳ್ಳತನ, ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ. ಇಲ್ಲಿ ಅದಾಗಿರಲಿಲ್ಲ. ಆದರೂ ಆ ಸೀಲು ಹಾಕಿದ ಕಾಗದ, ನಾಯಿಯ ಲಸಿಕೆ ಪುಸ್ತಕ, ಇವರ ಜೊತೆ ಇರುವ ನಾಲ್ಕೈದು ಹಳೇ ಫೋಟೊ, ಇಷ್ಟು ಒಂದು ಕವರಿನಲ್ಲಿ ಇರಲಿ ಅಂತ ಶನಿವಾರ ಹೋದಾಗ ನಾನು ಅಂದೆ. ನಾಳೆ ಯಾರೋ ನಾಯಿ ಕಟ್ಟಿಕೊಂಡು ‘ಇದು ನಮ್ಮದು’ ಅಂದರೆ ಆಗ ಬೇಕಾಗುತ್ತದೆ.

ಮೈಕ್ರೋಚಿಪ್ ಇದೆಯಾ ಅಂತ ಕೇಳಿದೆ. ಇಲ್ಲ. ಇದ್ದಿದ್ದರೆ ಎಲ್ಲಿದೆ ಅಂತ ಫೋನಿನಲ್ಲಿ ನೋಡಬಹುದಿತ್ತಲ್ಲ ಅಂತ ಮಗ ಹಲುಬಿದ. ಅದು ಹಾಗಲ್ಲ. ಚಿಪ್ಪು ಅಂದರೆ ಚರ್ಮದ ಕೆಳಗಿನ ಅಕ್ಕಿಕಾಳಿನಷ್ಟು ವಸ್ತು, ಅದರಲ್ಲಿ ಇರುವುದು 15 ಅಂಕಿಯ ಒಂದು ನಂಬರ್. ಯಾರಾದರೂ ನಾಯಿಯನ್ನು ಹಿಡಿದು, ಸ್ಕ್ಯಾನರ್ ಇರುವ ಡಾಕ್ಟರ ಹತ್ತಿರ ಒಯ್ದು, ಆ ನಂಬರಿಗೆ ನಿಮ್ಮ ಹೆಸರು ನೋಂದಾಯಿಸಿದ್ದರೆ ಮಾತ್ರ ಕೆಲಸಕ್ಕೆ ಬರುತ್ತದೆ. ಎಲ್ಲಿದೆ ಅಂತ ತೋರಿಸುವುದು ಬೆಲ್ಟಿಗೆ ಕಟ್ಟುವ ಜಿಪಿಎಸ್. ಇಲ್ಲಿ ಬೆಲ್ಟೇ ಮನೆಯಲ್ಲಿತ್ತು.

ಪೋಸ್ಟರ್ ಬದಲಾದದ್ದು

ನನ್ನನ್ನು ಕರೆದದ್ದು ಶನಿವಾರ ಬೆಳಗ್ಗೆ. ಹೋಗಿ ಮೊದಲು ಮಾಡಿದ್ದೇ ತಪ್ಪು. ಅದರ ಹಾಸಿಗೆ, ಮೇಷ್ಟ್ರ ಒಗೆಯದ ಪಂಚೆ ಗೇಟಿನ ಹೊರಗೆ ಇಡಿಸಿದೆ, ವಾಸನೆಗೆ ಬರಲಿ ಅಂತ. ನಾಯಿ ಅಲ್ಲೇ ಎರಡು ಬೀದಿ ಆಚೆ ಅಡಗಿದ್ದರೆ ಇದು ಸರಿ. ರಿಂಗ್ ರಸ್ತೆ ದಾಟಿ ಹೋದ ನಾಯಿಗೆ ಅಲ್ಲಿಂದ ಏನು ವಾಸನೆ ಬರುತ್ತದೆ? ಬೀದಿಯ ಮೂರು ನಾಯಿಗಳು ಸರದಿ ಮೇಲೆ ಬಂದು ಆ ಹಾಸಿಗೆಗೆ ಕಾಲೆತ್ತಿ ಹೋದವು.

ಅದನ್ನು ತೆಗೆಸಿ ಪೋಸ್ಟರ್ ನೋಡಿದೆ. ಶುಕ್ರವಾರವೇ ಝೆರಾಕ್ಸ್ ಅಂಗಡಿಯವರೊಬ್ಬರ ಮನೆ ಬಾಗಿಲು ತಟ್ಟಿ ನೂರು ಹಾಳೆ ತೆಗೆಸಿದ್ದರು. ಎ4 ಹಾಳೆ, ಕಪ್ಪುಬಿಳುಪು, ಅದೇ ಶಾಲಿನ ಫೋಟೊ. ಕೆಳಗೆ ಒಂಬತ್ತು ಸಾಲು, ಅದರಲ್ಲಿ ‘ಶುದ್ಧ ತಳಿ’, ‘ಹೆಸರು ಕರೆದರೆ ಬರುತ್ತಾನೆ’ ಅಂತೆಲ್ಲ. ಕಂಬದ ಮೇಲೆ ಅಂಟಿಸಿದರೆ ನಾಲ್ಕು ಹೆಜ್ಜೆ ಆಚೆಯಿಂದ ಏನೂ ಕಾಣುವುದಿಲ್ಲ. ಇನ್ನೂ ದೊಡ್ಡ ಸಮಸ್ಯೆ ಆ ಮಾತುಗಳದು. ಮುಧೋಳ ಅಂದರೆ ಏನು ಅಂತ ನಾಯಿ ಸಾಕಿದವರಿಗೆ ಗೊತ್ತು, ಬೆಳಗ್ಗೆ ಐದಕ್ಕೆ ಹಾಲಿನ ಕ್ರೇಟು ಇಳಿಸುವ ಹುಡುಗನಿಗೆ ಯಾಕೆ ಗೊತ್ತಿರಬೇಕು?

ಫ್ಲೆಕ್ಸ್ ಅಂಗಡಿಗಳು ಹಬ್ಬಕ್ಕೆ ಮುಚ್ಚಿದ್ದವು. ಹಾಗಾಗಿ ಮಗಳ ಮದುವೆಗೆ ತಂದು ಉಳಿದಿದ್ದ ಹಳದಿ ಡ್ರಾಯಿಂಗ್ ಹಾಳೆಗಳನ್ನು ಪಕ್ಕದ ಮನೆಯವರು ಕೊಟ್ಟರು. ದಪ್ಪ ಮಾರ್ಕರ್ ಹಿಡಿದು ಮೇಷ್ಟ್ರೇ ಬರೆದರು, ಬೋರ್ಡಿನ ಮೇಲೆ ಬರೆದು ಅಭ್ಯಾಸವಾದ ದುಂಡು ಅಕ್ಷರ. ಏನು ಬರೆಯಬೇಕು ಅನ್ನುವುದಕ್ಕೆ ಒಂದು ಸಣ್ಣ ಜಗಳ ಆಯಿತು. ‘ಬಡಕಲು ನಾಯಿ’ ಅಂತ ಬರೆಯಿರಿ ಅಂದೆ. ಮೇಷ್ಟ್ರ ಹೆಂಡತಿಗೆ ಕೋಪ ಬಂತು. ‘ದಿನಾ ಕಾಲು ಕೆಜಿ ಕೋಳಿ ಹಾಕ್ತೀವಿ, ಬಡಕಲು ಅಂತ ಹೇಗೆ ಬರೆಯೋದು? ನೋಡಿದವರು ನಮ್ಮನ್ನ ಏನಂದ್ಕೋತಾರೆ?’ ಕೊನೆಗೆ ಹೀಗಾಯಿತು:

ನಾಯಿ ಕಳೆದಿದೆ. ಕೆಂಚು ಬಣ್ಣ. ತುಂಬಾ ತೆಳ್ಳಗೆ, ಉದ್ದ ಕಾಲು. ಬೆಲ್ಟ್ ಇಲ್ಲ. ಹಿಡಿಯಬೇಡಿ, ಓಡಿಸಬೇಡಿ. ಕಂಡರೆ ಫೋನ್ ಮಾಡಿ.

ಕೆಳಗೆ ಒಂದೇ ನಂಬರ್, ಹಾಳೆಯ ಕಾಲು ಭಾಗದಷ್ಟು ದೊಡ್ಡದಾಗಿ. ಪಕ್ಕದಿಂದ ತೆಗೆದ, ಪೂರ್ತಿ ಮೈ ಕಾಣುವ ಬಣ್ಣದ ಫೋಟೊ. ಹದಿನಾಲ್ಕು ಹಾಳೆ ಮಾತ್ರ. ಅವನ್ನು ಕಂಬಕ್ಕೆ ಅಂಟಿಸುವ ಬದಲು ಜನ ನಿಲ್ಲುವ ಕಡೆ ಕಟ್ಟಿದೆವು. ಹಾಲಿನ ಬೂತು, ಪೇಪರ್ ಹುಡುಗರು ಬೆಳಗ್ಗೆ ಪೇಪರ್ ಜೋಡಿಸುವ ಜಗಲಿ, ಟೀ ಗಾಡಿ, ಪೌರಕಾರ್ಮಿಕರು ಹಾಜರಿ ಹಾಕುವ ಜಾಗ, ರಿಂಗ್ ರಸ್ತೆ ಆಚೆಯ ಹೊಸ ಲೇಔಟಿನ ಸೆಕ್ಯುರಿಟಿ ಶೆಡ್ಡು. ಹೆದರಿದ ನಾಯಿ ಹಗಲು ಬಿದ್ದುಕೊಂಡಿರುತ್ತದೆ, ಜನ ಕಡಿಮೆ ಇರುವ ಹೊತ್ತಿಗೆ ಏಳುತ್ತದೆ. ನಸುಕಿನಲ್ಲಿ ಎದ್ದಿರುವವರ ಕಣ್ಣಿಗೇ ಅದು ಬೀಳಬೇಕು, ಎಂಟಕ್ಕೆ ಏಳುವ ನಮ್ಮ ವಾಟ್ಸಾಪ್ ಗುಂಪಿನವರಿಗೆ ಎಲ್ಲಿ ಕಾಣಬೇಕು?

ಭಾನುವಾರ ಬೆಳಗ್ಗೆ ಆರೂವರೆಗೆ ಫೋನ್ ಬಂತು. ಕಸ ಗುಡಿಸುವ ಒಬ್ಬ ಹೆಂಗಸು, ಬೇರೆಯವರ ಫೋನಿನಿಂದ. ‘ಆ ಒಣಕಲು ನಾಯಿನಾ? ಎರಡು ದಿನದಿಂದ ನೋಡ್ತಾ ಇವ್ನಲ್ಲ. ಅರ್ಧ ಕಟ್ಟಿರೋ ಮನೆ ಅದಲ್ಲ, ಮೋರಿ ಪಕ್ಕ, ಅಲ್ಲೇ ಮಲಗಿರ್ತದೆ. ಬೀದಿ ನಾಯಿ ಅಂದ್ಕಂಡೆ ಕಣಣ್ಣ.’

ಎರಡು ದಿನದಿಂದ ನೋಡುತ್ತಿದ್ದರು. ಹಳೇ ಪೋಸ್ಟರೂ ಆ ಹಾದಿಯಲ್ಲಿ ಇತ್ತು. ಅದರಲ್ಲಿದ್ದದ್ದು ಶಾಲು ಹೊದ್ದ ಒಂದು ಶ್ರೀಮಂತರ ನಾಯಿ, ಇವರು ನೋಡಿದ್ದು ಒಣಕಲು ನಾಯಿ. ಎರಡೂ ಒಂದೇ ಅಂತ ಅವರಿಗೆ ಹೇಗೆ ಹೊಳೆಯಬೇಕು?

ಭಾನುವಾರ ಮಧ್ಯಾಹ್ನ

ಇದನ್ನು ಬರೆಯಲು ಮಗ ಒಪ್ಪಿದ್ದಾನೆ, ಅದಕ್ಕೇ ಬರೆಯುತ್ತಿದ್ದೇನೆ. ಜಾಗ ಗೊತ್ತಾಯಿತು, ಇವತ್ತು ಯಾರೂ ಹೋಗಬೇಡಿ, ಮೊದಲು ಅದು ಅಲ್ಲೇ ನೆಲೆ ನಿಲ್ಲುವ ಹಾಗೆ ಮಾಡೋಣ ಅಂತ ನಾನು ಹೇಳಿ ಮನೆಗೆ ಬಂದೆ. ಅವನಿಗೆ ತಡೆಯಲಾಗಲಿಲ್ಲ. ಮಂಗಳವಾರ ಬೆಂಗಳೂರಿಗೆ ವಾಪಸ್ ಹೋಗಬೇಕು ಅನ್ನುವ ಆತುರ ಬೇರೆ. ಮೂರು ಗಂಟೆಗೆ ಐದು ಜನ ಬೆಡ್‌ಶೀಟು ಹಿಡಿದುಕೊಂಡು ಆ ಕಟ್ಟಡವನ್ನು ಸುತ್ತುಗಟ್ಟಿದರು. ಕೆಂಚ ಕಿಟಕಿಯ ಜಾಗದಿಂದ ಹಾರಿ ಲಂಟಾನದ ಪೊದೆಗೆ ನುಗ್ಗಿತು. ಗಲಾಟೆಗೆ ಅಲ್ಲಿನ ಬೀದಿನಾಯಿಗಳು ಎದ್ದವು, ಒಂದು ಬಂದು ಗೆಳೆಯನ ಮೀನಖಂಡಕ್ಕೆ ಬಾಯಿ ಹಾಕಿತು.

ಅವರು ಒಂದು ಕೆಲಸವನ್ನು ಮಾತ್ರ ಸರಿಯಾಗಿ ಮಾಡಿದರು. ಪಕ್ಕದ ಮನೆಯ ನಲ್ಲಿಯಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ಗಾಯ ತೊಳೆದರು. ಅರಿಶಿನ, ಸುಣ್ಣ ಯಾವುದೂ ಮೆತ್ತಲಿಲ್ಲ. ಅಲ್ಲಿಂದ ನೇರ ಸರ್ಕಾರಿ ಆಸ್ಪತ್ರೆಗೆ. ರೇಬಿಸ್ ಲಸಿಕೆ ಅಲ್ಲಿ ಚರ್ಮದೊಳಗೆ ಕೊಡುತ್ತಾರೆ, ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಗಾಯದಲ್ಲಿ ರಕ್ತ ಬಂದಿದ್ದರಿಂದ ಗಾಯದ ಸುತ್ತ ಇಮ್ಯುನೊಗ್ಲೊಬ್ಯುಲಿನ್, ಅಂದರೆ ಕೂಡಲೇ ರಕ್ಷಣೆ ಕೊಡುವ ಇನ್ನೊಂದು ಚುಚ್ಚುಮದ್ದು ಕೂಡ ಹಾಕಿದರು. ನಾಯಿ ಹುಡುಕಲು ಹೋಗುವ ಎಲ್ಲರೂ ಇಷ್ಟನ್ನು ಹೊರಡುವ ಮುಂಚೆಯೇ ತಿಳಿದಿರಬೇಕು.

ಆ ರಾತ್ರಿ ಮನೆಯಲ್ಲಿ ಯಾರೂ ಯಾರ ಜೊತೆಯೂ ಮಾತಾಡಲಿಲ್ಲವಂತೆ.

ಕಾಯುವ ಕೆಲಸ

ಸೋಮವಾರ ಬೆಳಗ್ಗೆ ನಾನೂ ಮೇಷ್ಟ್ರೂ ಇಬ್ಬರೇ ಹೋದೆವು. ಕಟ್ಟಡದ ಮಾಲೀಕರಿಗೆ ಫೋನ್ ಮಾಡಿ ಒಪ್ಪಿಗೆ ಪಡೆದಿದ್ದೆವು. ಒಳಗಿನ ಒಂದು ಕೋಣೆಯಲ್ಲಿ ಬೇಯಿಸಿದ ಕೋಳಿ ಲಿವರ್, ನೀರು, ಮೇಷ್ಟ್ರ ಅದೇ ಪಂಚೆ. ಸುತ್ತ ಜರಡಿ ಹಿಡಿದ ಮರಳು ಹರಡಿದೆವು, ಕಟ್ಟಡದಲ್ಲೇ ರಾಶಿ ಬಿದ್ದಿತ್ತು. ಹೆಜ್ಜೆ ಮೂಡಲಿ ಅಂತ. ಮನೆಯ ಹಳೇ ಕ್ಯಾಮೆರಾಕ್ಕೆ ಮೆಮೊರಿ ಕಾರ್ಡ್ ಹಾಕಿ, ಪವರ್ ಬ್ಯಾಂಕ್ ಕಟ್ಟಿ ಕಿಟಕಿಯಲ್ಲಿಟ್ಟೆವು.

ಇಂಥ ಕಡೆ ದೊಡ್ಡ ತಲೆನೋವು ಬೀದಿನಾಯಿಗಳದು. ಇಟ್ಟದ್ದನ್ನೆಲ್ಲ ಅವು ಖಾಲಿ ಮಾಡುತ್ತವೆ, ನಮ್ಮ ನಾಯಿಯನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅವನ್ನು ಓಡಿಸಲು ಹೋದರೆ ಇನ್ನೂ ಕೆಟ್ಟದ್ದು. ಆ ಲೇಔಟಿನಲ್ಲಿ ದಿನಾ ಅವಕ್ಕೆ ಅನ್ನ ಹಾಕುವ ಒಬ್ಬ ಅಜ್ಜಿ ಇದ್ದರು. ಅವರನ್ನು ಕೇಳಿಕೊಂಡೆವು. ಎರಡು ದಿನ ನಸುಕಿಗೇ, ಇನ್ನೂರು ಮೀಟರ್ ಆಚೆ, ರಸ್ತೆಯ ಆ ಕೊನೆಯಲ್ಲಿ ಹಾಕಿ ಅಂತ. ಅಜ್ಜಿ ಒಪ್ಪಿದರು. ‘ನಿಮ್ಮದಕ್ಕೂ ನಾನೇ ಮೊನ್ನೆ ಒಂದು ತುತ್ತು ಇಟ್ಟಿದ್ದೆ, ಮುಟ್ಟಲಿಲ್ಲ ಕಣಪ್ಪ, ದೂರ ನಿಂತು ನೋಡ್ತು’ ಅಂದರು.

ಸೋಮವಾರ ಸಂಜೆ ಅಕ್ಕ ಊರಿಂದ ಬಂದರು. ನಾಯಿ ಇಲ್ಲ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ನಾಲ್ಕು ದಿನ, ಮುನ್ನೂರು ಜನಕ್ಕೆ ಸಂದೇಶ ಹೋಗಿದೆ, ಇವರಿಗೆ ಒಂದು ಫೋನ್ ಹೋಗಿಲ್ಲ! ನಾನೂ ಕೇಳಿರಲಿಲ್ಲ, ನನ್ನದೂ ತಪ್ಪೇ. ‘ನಾಯಿಗೆ ಯಾರನ್ನು ಕಂಡರೆ ಜಾಸ್ತಿ ಇಷ್ಟ?’ ಅಂತ ಕೇಳಿದ್ದೆ, ಎಲ್ಲರೂ ಮಗ ಅಂದಿದ್ದರು. ‘ದಿನಾ ಬೆಳಗ್ಗೆ ಮೊದಲ ತುತ್ತು ಯಾರು ಹಾಕುತ್ತಾರೆ?’ ಅಂತ ಕೇಳಬೇಕಿತ್ತು.

‘ಅಯ್ಯೋ ಅಮ್ಮಾವ್ರೆ, ಕೂಗಿದ್ರೆ ಅದು ಯಾವತ್ತು ಬಂದದೆ? ತಟ್ಟೆ ಬಡಿದ್ರೆ ಬತ್ತದೆ’ ಅಂದರು ಅಕ್ಕ.

ಬೆಳಗ್ಗೆ ಆರಕ್ಕೆ ಹಿತ್ತಲ ಬಾಗಿಲಲ್ಲಿ ಅವರು ಅದರ ಸ್ಟೀಲ್ ತಟ್ಟೆಯನ್ನು ಹೊಸ್ತಿಲಿಗೆ ಮೂರು ಸಲ ಬಡಿಯುತ್ತಿದ್ದರು. ಅಂಚು ನೆಗ್ಗಿದ ತಟ್ಟೆ, ಸದ್ದು ಬೇರೆ ಥರ. ಹಾಕುತ್ತಿದ್ದದ್ದು ಲಿವರೂ ಅಲ್ಲ, ರಾತ್ರಿ ಉಳಿದ ರಾಗಿಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿದ್ದು. ಇದು ಮನೆಯವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಆ ಹೊತ್ತಿಗೆ ಅವರು ಎದ್ದಿರುತ್ತಿರಲಿಲ್ಲ.

ಮಂಗಳವಾರ ಕ್ಯಾಮೆರಾದಲ್ಲಿ ಬೆಳಗಿನ ಜಾವ 5:10ಕ್ಕೆ ಕೆಂಚ ಬಂದದ್ದು ಕಂಡಿತು. ಬಾಗಿಲಲ್ಲೇ ನಿಂತು, ಕುತ್ತಿಗೆ ಚಾಚಿ, ಎರಡು ಚೂರು ಎತ್ತಿಕೊಂಡು ಹೋಗಿತ್ತು. ಎಡ ಮುಂಗಾಲು ಕುಂಟುತ್ತಿತ್ತು. ಅವತ್ತೇ ಹೋಗೋಣ ಅಂತ ಎಲ್ಲರಿಗೂ ಅನ್ನಿಸಿತು. ಹೋಗಲಿಲ್ಲ. ಒಂದು ಸಲ ಬಂದು ತಿಂದ ಜಾಗಕ್ಕೆ ಅದೇ ಹೊತ್ತಿಗೆ ಮತ್ತೆ ಬರುತ್ತದೆ. ಮಗ ರಜ ಮುಂದುವರಿಸಿ ಮನೆಯಲ್ಲೇ ಕೂತ. ಈ ಆರು ದಿನದಲ್ಲಿ ಎಲ್ಲಕ್ಕಿಂತ ಕಷ್ಟದ ನಿರ್ಧಾರ ಅವನದೇ, ತಾನು ಹೋಗುವುದಿಲ್ಲ ಅನ್ನುವುದು.

ಬುಧವಾರ, ನವೆಂಬರ್ 6. ಕತ್ತಲೆ ಇರುವಾಗಲೇ ಅಕ್ಕನನ್ನು ಬಿಟ್ಟು ನಾನು ಎದುರಿನ ಕಾರಿನಲ್ಲಿ ಕೂತೆ. ಹೇಳಿಕೊಟ್ಟದ್ದು ಇಷ್ಟೇ: ಬಾಗಿಲಿಗೆ ಬೆನ್ನು ಹಾಕಿ ನೆಲದ ಮೇಲೆ ಕೂರಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಬಂದ ಕೂಡಲೇ ಹಿಡಿಯಬೇಡಿ. ಜೀರುಗುಣಿಕೆ ಹಾಕಿದ ಹಗ್ಗ ಅವರ ಮಡಿಲಲ್ಲಿತ್ತು. ಐದೂಕಾಲಿಗೆ ಇಟ್ಟಿಗೆಯ ಮೇಲೆ ತಟ್ಟೆ ಬಡಿದ ಸದ್ದು ಕೇಳಿಸಿತು, ಟಣ್ ಟಣ್ ಟಣ್. ಏನೂ ಇಲ್ಲ. ಐದು ನಿಮಿಷ ಬಿಟ್ಟು ಮತ್ತೆ. ಪೊದೆಯ ಅಂಚಿನಲ್ಲಿ ಎರಡು ಕಿವಿ ಕಂಡವು. ಅಲ್ಲಿಂದ ಬಾಗಿಲಿಗೆ ಇಪ್ಪತ್ತು ಹೆಜ್ಜೆ ಇರಬಹುದು, ಅಷ್ಟಕ್ಕೆ ಅದು ಇಪ್ಪತ್ತೈದು ನಿಮಿಷ ತೆಗೆದುಕೊಂಡಿತು. ಬರುವುದು, ಸುತ್ತು ಹೊಡೆಯುವುದು, ಗಾಳಿ ಮೂಸುವುದು, ಹಿಂದೆ ಹೋಗುವುದು. ಅಕ್ಕ ತಿರುಗಲೇ ಇಲ್ಲ. ಸುಮ್ನೆ ಮುದ್ದೆ ಕಿವುಚುತ್ತಾ, ದಿನಾ ಪಾತ್ರೆ ತೊಳೆಯುವಾಗ ಗೊಣಗುವ ಹಾಗೆ ಏನೋ ಗೊಣಗುತ್ತಾ ಕೂತಿದ್ದರು. ಕೊನೆಗೆ ಕೆಂಚ ಅವರ ಬೆನ್ನಿಗೆ ಮೂತಿ ತಾಗಿಸಿತು. ಆಮೇಲೆ ಅದರ ಇಡೀ ಮೈ ನಡುಗಲು ಶುರುವಾಯಿತು, ಅಲ್ಲೇ ಪಕ್ಕದಲ್ಲಿ ಕುಸಿದು ಕೂತಿತು. ತಟ್ಟೆ ನೆಕ್ಕಿ ಮುಗಿಸುವವರೆಗೆ ಅಕ್ಕ ಹಗ್ಗ ತೆಗೆಯಲಿಲ್ಲ. ನಾನಾಗಿದ್ದರೆ ಅಷ್ಟು ಹೊತ್ತು ತಡೆಯುತ್ತಿರಲಿಲ್ಲ.

ಸಿಕ್ಕಿದ ಮೇಲೆ

ತೂಕ 24ರಿಂದ 20.5 ಕೆಜಿಗೆ ಇಳಿದಿತ್ತು. ಪಾದದ ಮೆತ್ತೆ ಎರಡು ಕಡೆ ಕಿತ್ತಿತ್ತು, ಕಿವಿ ತುಂಬ ಉಣ್ಣೆ, ಸೊಂಟದ ಮೇಲೆ ಯಾವುದೋ ನಾಯಿಯ ಹಲ್ಲಿನ ಗುರುತು. ಮನೆಯವರು ಒಂದೇ ಸಲ ತಟ್ಟೆ ತುಂಬ ಕೋಳಿ ಹಾಕಲು ಹೊರಟಿದ್ದರು, ತಡೆದೆವು. ಹಸಿದ ಹೊಟ್ಟೆಗೆ ಸ್ವಲ್ಪ ಸ್ವಲ್ಪ, ಹಲವು ಸಲ. ಲಸಿಕೆ ಪ್ರತಿವರ್ಷ ಹಾಕಿಸಿದ್ದರೂ ಕಚ್ಚಿದ ಗಾಯ ಇದ್ದದ್ದರಿಂದ ಡಾಕ್ಟರು ರೇಬಿಸ್ ಲಸಿಕೆ ಮತ್ತೆ ಹಾಕಿದರು. ಉಣ್ಣೆಯಿಂದ ಬರುವ ಜ್ವರ ತಡವಾಗಿ ಕಾಣಿಸುತ್ತದೆ, ಎರಡು ಮೂರು ವಾರ ಬಿಟ್ಟು ರಕ್ತ ಪರೀಕ್ಷೆಗೆ ತನ್ನಿ ಅಂದರು. ಪೋಸ್ಟರುಗಳನ್ನು ಮೇಷ್ಟ್ರೇ ಹೋಗಿ ಒಂದೊಂದಾಗಿ ಬಿಚ್ಚಿಕೊಂಡು ಬಂದರು. ಫೋನ್ ಮಾಡಿದ ಹೆಂಗಸಿಗೆ ಬಹುಮಾನ ತಲುಪಿತು, ಎಷ್ಟು ಅಂತ ನನಗೆ ಹೇಳಲಿಲ್ಲ, ನಾನು ಕೇಳಲೂ ಇಲ್ಲ.

ಈಗ ಕೆಂಚನ ಕುತ್ತಿಗೆಯಲ್ಲಿ ಇರುವುದು ಎಳೆದರೆ ಬಿಗಿಯಾಗುವ ಮಾರ್ಟಿಂಗೇಲ್ ಬೆಲ್ಟು, ಸಪೂರ ತಲೆಯ ನಾಯಿಗಳಿಗೆಂದೇ ಮಾಡಿದ್ದು. ಚಿಪ್ಪೂ ಹಾಕಿಸಿದ್ದಾರೆ. ಗೇಟಿನ ಒಳಗೆ ಸೊಂಟದೆತ್ತರ ಇನ್ನೊಂದು ಸಣ್ಣ ಗೇಟು. 2025ರ ದೀಪಾವಳಿಗೆ ಮಧ್ಯಾಹ್ನವೇ ದೊಡ್ಡ ಸುತ್ತು ಹಾಕಿಸಿ, ನಾಲ್ಕು ಗಂಟೆಗೆ ಕಿಟಕಿ ಇಲ್ಲದ ಸ್ಟೋರ್ ರೂಮಿನಲ್ಲಿ ಹಾಸಿಗೆ ಹಾಕಿ, ಫ್ಯಾನು ಜೋರಾಗಿಟ್ಟು ಮೇಷ್ಟ್ರೂ ಅಲ್ಲೇ ಪೇಪರ್ ಓದುತ್ತಾ ಕೂತಿದ್ದರಂತೆ. ಎಂಟು ಗಂಟೆಯ ನಿಯಮವನ್ನು ಅವರು ಈಗ ನಂಬುವುದಿಲ್ಲ.

ಅಕ್ಕ ಆ ಹಬ್ಬಕ್ಕೂ ರಜ ಹಾಕಿ ಊರಿಗೆ ಹೋದರು. ಹೊರಡುವ ಮುಂಚೆ ನೆಗ್ಗಿದ ತಟ್ಟೆಯನ್ನು ತೊಳೆದು ಮೇಷ್ಟ್ರ ಕೈಗೆ ಕೊಟ್ಟು, ಹಿತ್ತಲ ಬಾಗಿಲಲ್ಲಿ ನಿಲ್ಲಿಸಿ, ಅವರ ಕೈಲೇ ಹೊಸ್ತಿಲಿಗೆ ಬಡಿಸಿ ನೋಡಿದರಂತೆ. ಮೇಷ್ಟ್ರು ಮೆಲ್ಲಗೆ ಎರಡು ಸಲ ಬಡಿದರು. ಕೆಂಚ ಮಲಗಿದ್ದಲ್ಲಿಂದ ಏಳಲಿಲ್ಲ. ‘ಮೂರು ಸಲ ಮೇಷ್ಟ್ರೆ, ಎರಡಕ್ಕೆ ಬರಕಿಲ್ಲ ಅದು’ ಅಂದರಂತೆ ಅಕ್ಕ.